ಅರ್ಕಾವತಿ ಸೀಮೆಯ ಕಾಡು ಕೆರೆಗಳಲ್ಲಿ ಇಂಗಾಲದ ಸಂಚಾರ

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಇಕ್ಕೆಲಗಳಲ್ಲಿ ಸುಮಾರು ನಾಲ್ಕು ಕಿಲೋಮೀಟರು ಉದ್ದಕ್ಕೆ ಆಲದ ಮರಗಳು ಕೊಂಬೆ ಚಾಚಿ ನಿಂತಿವೆ. ಕೂಲಿ ಮಾಡಿ ಬದುಕಿದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಬೆಳೆಸಿದ ಮರಗಳಿವು. ಇವುಗಳ ಸಂಖ್ಯೆ 385 ಎಂದು ಪ್ರಸಿದ್ಧವಾಗಿದೆ. ಸಾಲುಮರದ ತಿಮ್ಮಕ್ಕ ಎಂದು ನಾಡಿಗೆಲ್ಲ ಪರಿಚಿತರಾದ ಆ ತಾಯಿ 2019ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾಗಿ, 2025ರ ನವೆಂಬರಿನಲ್ಲಿ ತೀರಿಕೊಂಡರು. ಅವರ ಸೇವೆಯನ್ನು ಕೊಂಡಾಡಿದವರು ಬಹಳ ಮಂದಿ. ವಿಜ್ಞಾನದ ವಿದ್ಯಾರ್ಥಿಗೆ ಆ ಸಾಲುಮರಗಳು ಒಂದು ಪ್ರಶ್ನೆಯನ್ನೂ ಒಡ್ಡುತ್ತವೆ. ಒಂದು ಕಾಲಕ್ಕೆ ಕೈಯಲ್ಲಿ ಹಿಡಿದು ಒಯ್ಯಬಹುದಾಗಿದ್ದ ಸಸಿ ಇಂದು ಹಲವು ಟನ್ ತೂಗುವ ಮರವಾಗಿದೆ. ಈ ತೂಕ ಎಲ್ಲಿಂದ ಬಂತು? ಮಣ್ಣಿನಿಂದಲೇ ಬಂದಿದ್ದರೆ ಪ್ರತಿಯೊಂದು ಮರದ ಬುಡದಲ್ಲಿಯೂ ಒಂದು ದೊಡ್ಡ ಹಳ್ಳ ಬೀಳಬೇಕಾಗಿತ್ತು.

ಹದಿನೇಳನೆಯ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿದ್ವಾಂಸನು ಇದೇ ಪ್ರಶ್ನೆಯನ್ನು ಎತ್ತಿಕೊಂಡು ಒಂದು ಪ್ರಯೋಗವನ್ನು ನಡೆಸಿದ. ಒಣಗಿಸಿದ 200 ಪೌಂಡು ಮಣ್ಣನ್ನು ತೊಟ್ಟಿಯಲ್ಲಿ ತುಂಬಿ, 5 ಪೌಂಡು ತೂಗುತ್ತಿದ್ದ ವಿಲೋ ಗಿಡವನ್ನು ನೆಟ್ಟು, ಐದು ವರ್ಷ ನೀರನ್ನು ಮಾತ್ರ ಎರೆದ. ಕೊನೆಯಲ್ಲಿ ಗಿಡದ ತೂಕ 169 ಪೌಂಡಿಗೆ ಏರಿತ್ತು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು ಎರಡು ಔನ್ಸು ಮಾತ್ರ. ಹೆಚ್ಚಿದ ತೂಕವೆಲ್ಲ ನೀರಿನಿಂದಲೇ ಬಂದಿತೆಂದು ಅವನು ಭಾವಿಸಿದ. ಅಳತೆ ಸರಿಯಾಗಿತ್ತು, ತೀರ್ಮಾನ ಅರ್ಧ ಮಾತ್ರ ಸರಿಯಾಗಿತ್ತು. ಗಾಳಿಯನ್ನು ತೂಗಿ ನೋಡಬೇಕೆಂಬುದು ಆ ಕಾಲದವರಿಗೆ ಹೊಳೆಯುವುದು ಸುಲಭವಿರಲಿಲ್ಲ. 1779ರಲ್ಲಿ ಇಂಗೆನ್‌ಹೌಸ್ ಎಂಬಾತ, ಸಸ್ಯದ ಹಸಿರು ಭಾಗಗಳು ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂಬುದನ್ನು ತೋರಿಸಿಕೊಟ್ಟ ಮೇಲೆ ನಿಜವಾದ ಉತ್ತರದ ಹಾದಿ ತೆರೆಯಿತು.

ಎಲೆಯ ಸೂಕ್ಷ್ಮ ರಂಧ್ರಗಳ ಮೂಲಕ ಒಳಸೇರುವ ಇಂಗಾಲದ ಡೈಆಕ್ಸೈಡು, ಬೇರು ಹೀರಿದ ನೀರಿನೊಡನೆ, ಸೂರ್ಯನ ಬೆಳಕಿನ ಬಲದಿಂದ ಸಕ್ಕರೆಯಾಗಿ ಮಾರ್ಪಡುತ್ತದೆ. ಸಕ್ಕರೆಯಿಂದ ಎಳೆ, ಎಳೆಯಿಂದ ತೊಗಟೆ, ಕಾಂಡ, ಬೇರು. ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಭಾಗ ಇಂಗಾಲವೇ ಆಗಿರುತ್ತದೆ. ಲೆಕ್ಕಕ್ಕೆ ಅನುಕೂಲವಾಗುವಂತೆ ತಜ್ಞರು ಇದನ್ನು ನೂರಕ್ಕೆ 47 ಎಂದು ಹಿಡಿಯುವುದುಂಟು. ಆಲದ ಮರವೆಂದರೆ ಗಟ್ಟಿಯಾಗಿ ನಿಂತ ಗಾಳಿ ಎಂದರೆ ಅತಿಶಯೋಕ್ತಿಯಾಗದು.

ಒಂದು ಸರಳ ಲೆಕ್ಕವನ್ನು ಮಾಡಿ ನೋಡಬಹುದು. ಒಣತೂಕ ಒಂದು ಟನ್ ಇರುವ ಮರದಲ್ಲಿ 470 ಕಿಲೋಗ್ರಾಂ ಇಂಗಾಲವಿರುತ್ತದೆ. 12 ಭಾಗ ಇಂಗಾಲವು 44 ಭಾಗ ಇಂಗಾಲದ ಡೈಆಕ್ಸೈಡಿಗೆ ಸಮನಾದುದರಿಂದ ಆ ಮರವು ತನ್ನ ಆಯುಷ್ಯದಲ್ಲಿ ಸುಮಾರು 1,720 ಕಿಲೋಗ್ರಾಂ ಅನಿಲವನ್ನು ಗಾಳಿಯಿಂದ ಹಿಡಿದಿಟ್ಟಿದೆ ಎಂದಾಯಿತು. ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಲೀಟರಿಗೆ 15 ಕಿಲೋಮೀಟರು ಓಡುವ ಕಾರೊಂದು ರಾಮನಗರದಿಂದ ಬೆಂಗಳೂರಿಗೆ ಹೋಗಿ ಬಂದರೆ, ನೂರು ಕಿಲೋಮೀಟರಿಗೆ, 15 ಕಿಲೋಗ್ರಾಮಿನಷ್ಟು. ಅಂದರೆ ಅಂಥ ನೂರಹತ್ತು ಪ್ರಯಾಣಗಳಲ್ಲಿ ಆ ಮರದ ಇಡೀ ಬಾಳಿನ ದುಡಿಮೆ ತೀರಿಹೋಗುತ್ತದೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡ ಬೆಂಗಳೂರು ಮೈಸೂರು ಹೆದ್ದಾರಿಯ ಮೇಲೆ ಒಂದು ತಾಸಿನಲ್ಲಿ ಎಷ್ಟು ವಾಹನಗಳು ಹಾದುಹೋಗುತ್ತವೆ ಎಂಬುದನ್ನು ಬಿಡದಿಯ ಬಳಿ ನಿಂತು ಎಣಿಸಿದವರಿಗೆ ಈ ಲೆಕ್ಕದ ಅರ್ಥ ತಾನಾಗಿಯೇ ತಿಳಿಯುತ್ತದೆ. ಗಿಡ ನೆಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ಭಾಷಣಗಳನ್ನು ಸ್ವಲ್ಪ ಎಚ್ಚರದಿಂದ ಕೇಳಬೇಕು.

ಭೂಮಿಯ ಒಟ್ಟು ಲೆಕ್ಕವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ವಾಯುಮಂಡಲದಲ್ಲಿ ಇಂಗಾಲದ ರೂಪದಲ್ಲಿ ಸುಮಾರು 890 ಶತಕೋಟಿ ಟನ್, ನೆಲದ ಮೇಲಿನ ಸಸ್ಯರಾಶಿಯಲ್ಲಿ ಸುಮಾರು 450 ಶತಕೋಟಿ ಟನ್, ಮೇಲಿನ ಒಂದು ಮೀಟರ್ ಮಣ್ಣಿನಲ್ಲಿ ಸುಮಾರು 1,500 ಶತಕೋಟಿ ಟನ್, ಸಮುದ್ರದಲ್ಲಿ ಇವೆಲ್ಲಕ್ಕಿಂತ ಎಷ್ಟೋ ಹೆಚ್ಚು ಇದೆ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 280 ಭಾಗವಿದ್ದ ಇಂಗಾಲದ ಡೈಆಕ್ಸೈಡು, 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳೆಯತೊಡಗಿದಾಗ 315ರಷ್ಟಿತ್ತು. ಈಗ 420ನ್ನು ದಾಟಿದೆ. ಮರಕ್ಕಿಂತ ಮಣ್ಣಿನಲ್ಲಿ ಮೂರು ಪಟ್ಟು ಹೆಚ್ಚು ಇಂಗಾಲವಿದೆ ಎಂಬ ಸಂಗತಿಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಒಣಕಾಡಿನ ಉಳಿತಾಯ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದು, ಆ ವರ್ಷ ರಾಮನಗರ ಜಿಲ್ಲೆಯಾದವು. ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಿಡಲು ರಾಜ್ಯ ಸಚಿವ ಸಂಪುಟವು 2025ರಲ್ಲಿ ತೀರ್ಮಾನಿಸಿತು. ಹೆಸರು ಯಾವುದಾದರೂ ಸೀಮೆಯ ಗುಣ ಒಂದೇ: ಬಂಡೆಯ ಬೆಟ್ಟ, ಕೆಂಪು ಜರುಗುಮಣ್ಣು, ಕಡಿಮೆ ಮಳೆ, ಹೆಜ್ಜೆಹೆಜ್ಜೆಗೂ ಒಂದು ಕೆರೆ. ಸಹ್ಯಾದ್ರಿಯ ನಿತ್ಯಹರಿದ್ವರ್ಣದ ಕಾಡನ್ನು ಕಂಡವರಿಗೆ ಸಾವನದುರ್ಗದ ಅಥವಾ ಕನಕಪುರದ ಕಾಡು ಕಾಡೆಂದೇ ತೋರಲಾರದು. ದಿಂಡಿಗ, ಕಗ್ಗಲಿ, ಜಾಲಿ, ಬಿದಿರು, ಕಮರ, ಅಲ್ಲಲ್ಲಿ ಶ್ರೀಗಂಧ. ಕಾವೇರಿಯ ದಂಡೆಗೆ ಇಳಿದರೆ ಮಾತ್ರ ಹೊಳೆಮತ್ತಿಯ ದೊಡ್ಡ ಮರಗಳು ನೀರಿಗೆ ಬಾಗಿ ನಿಂತಿರುತ್ತವೆ. ಮಾಘ ಫಾಲ್ಗುಣದಲ್ಲಿ ಬೆಟ್ಟಗಳೆಲ್ಲ ಎಲೆಯುದುರಿಸಿ ಬೋಳಾಗುತ್ತವೆ.

ಮಳೆಕಾಡಿಗೆ ಹೋಲಿಸಿದರೆ ಇಂಥ ಒಣಕಾಡಿನ ಒಂದು ಹೆಕ್ಟೇರಿನಲ್ಲಿ ನೆಲದ ಮೇಲಿನ ಇಂಗಾಲ ಬಹಳ ಕಡಿಮೆ. ಅದರೂ ಈ ಮರಗಳ ಉಳಿತಾಯದ ರೀತಿ ಬೇರೆ. ಕಮರದ ಮರವನ್ನೇ ತೆಗೆದುಕೊಳ್ಳಿ. ಅದು ಬೆಳೆಯುವುದು ನಿಧಾನ; ಆದರೆ ಅದರ ಚೇಗು ನೀರಿನಲ್ಲಿ ಮುಳುಗುವಷ್ಟು ಭಾರ, ಗೆದ್ದಲಿಗೂ ಸುಲಭವಾಗಿ ಬಗ್ಗದು. ಬೇಗ ಬೆಳೆದು ಬೇಗ ಕೊಳೆಯುವ ಮೆದುಮರಕ್ಕಿಂತ ಇಂಥ ಮರದಲ್ಲಿ ಸೇರಿದ ಇಂಗಾಲ ಬಹುಕಾಲ ನಿಲ್ಲುತ್ತದೆ. ಬೇರುಗಳೂ ನೀರನ್ನು ಅರಸಿ ಬಂಡೆಯ ಸೀಳುಗಳಲ್ಲಿ ಬಹು ಆಳಕ್ಕೆ ಇಳಿಯುತ್ತವೆ. ಕಾಣುವ ಕಾಡಿನ ಕೆಳಗೆ ಕಾಣದ ಕಾಡೊಂದು ಇರುತ್ತದೆ.

ಉದುರಿದ ಎಲೆಯ ಗತಿ ಏನು? ಮುಂಗಾರಿನ ಹನಿ ಬಿದ್ದೊಡನೆ ಶಿಲೀಂಧ್ರ, ಬ್ಯಾಕ್ಟೀರಿಯ, ಎರೆಹುಳು, ಗೆದ್ದಲುಗಳು ತರಗೆಲೆಯ ಮೇಲೆ ಮುಗಿಬೀಳುತ್ತವೆ. ಅವುಗಳ ಉಸಿರಾಟದಿಂದ ಬಹುಪಾಲು ಇಂಗಾಲ ಕೆಲವು ತಿಂಗಳುಗಳಲ್ಲಿಯೇ ಗಾಳಿಗೆ ಮರಳುತ್ತದೆ. ಅಳಿದುಳಿದ ಅಲ್ಪಭಾಗ ಜೇಡಿಕಣಗಳಿಗೆ ಅಂಟಿಕೊಂಡು ಕಪ್ಪುಮಣ್ಣಿನ ಬಣ್ಣವಾಗಿ ನಿಲ್ಲುತ್ತದೆ. ಆ ಅಲ್ಪಭಾಗವೇ ವರುಷದಿಂದ ವರುಷಕ್ಕೆ ಕೂಡಿಕೊಂಡು ಕಾಡಿನ ಮೂಲಧನವಾಗುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣ ಇಲಾಖೆಯ 2021ರ ವರದಿಯ ಪ್ರಕಾರ ದೇಶದ ಅರಣ್ಯಗಳಲ್ಲಿದ್ದ ಇಂಗಾಲ 7,204 ದಶಲಕ್ಷ ಟನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮರಗಳಲ್ಲಿಲ್ಲ, ಮಣ್ಣಿನಲ್ಲಿದೆ. ಮರ ಕಡಿದ ಜಾಗದಲ್ಲಿ ಮತ್ತೆ ಮರ ನೆಡಬಹುದು. ಕಾಡನ್ನು ಬಗೆದು ಮಣ್ಣನ್ನು ಗಾಳಿಗೂ ಬಿಸಿಲಿಗೂ ಒಡ್ಡಿದರೆ, ಅಲ್ಲಿಂದ ಹೋದ ಇಂಗಾಲ ಮರಳಿ ಕೂಡಿಕೊಳ್ಳಲು ಹಲವು ತಲೆಮಾರುಗಳೇ ಬೇಕಾಗಬಹುದು. ಗಿಡಕ್ಕೆ ಗಿಡ ಎಂಬ ಪರಿಹಾರದ ದೊಡ್ಡ ದೋಷ ಇಲ್ಲಿಯೇ ಇರುವುದು.

ಬೇಸಿಗೆಯ ಕಾಡುಗಿಚ್ಚು ಈ ಲೆಕ್ಕವನ್ನು ಕದಡುತ್ತದೆ. ನೆಲದ ಮೇಲೆ ಹರಿಯುವ ಬೆಂಕಿ ದೊಡ್ಡ ಮರಗಳನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ತರಗೆಲೆಯಲ್ಲಿದ್ದ ಇಂಗಾಲ ಹೇಗೂ ಮಳೆಗಾಲದಲ್ಲಿ ಹೊರಡಬೇಕಾದುದೇ. ಬೆಂಕಿ ಅದನ್ನು ಕೆಲವು ತಿಂಗಳು ಮುಂಚಿತವಾಗಿ ಕಳಿಸುತ್ತದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬೆಂಕಿ ಸಸಿಗಳನ್ನು ಸುಡುತ್ತದೆ, ಮಣ್ಣಿನ ಮೇಲ್ಪದರವನ್ನು ಬತ್ತಲೆಯಾಗಿಸುತ್ತದೆ, ಮೊದಲ ಬಿರುಮಳೆಗೆ ಆ ಮಣ್ಣು ಕೊಚ್ಚಿಹೋಗುತ್ತದೆ. ಹೊರಗಿನಿಂದ ಬಂದು ಕಾಡಿನ ತಳವನ್ನೆಲ್ಲ ಆವರಿಸಿರುವ ಲಂಟಾನ ಪೊದೆ ಬೆಂಕಿಗೆ ಏಣಿಯಾಗಿ ನಿಲ್ಲುತ್ತದೆ. ಬೆಂಕಿಯಿಂದ ಬರುವ ಒಂದೇ ಒಂದು ಲಾಭವೆಂದರೆ ಇದ್ದಲು: ಅರೆಸುಟ್ಟ ಕರಿ ಮಣ್ಣಿನಲ್ಲಿ ಶತಮಾನಗಳ ಕಾಲ ಕೊಳೆಯದೆ ಉಳಿಯಬಲ್ಲದು.

ಮರವನ್ನು ಕಡಿದ ಕೂಡಲೇ ಇಂಗಾಲ ಗಾಳಿಗೆ ಹೋಗುತ್ತದೆಂದೂ ಹೇಳುವಂತಿಲ್ಲ. ಅದು ಮರದ ಮುಂದಿನ ಬಾಳನ್ನು ಅವಲಂಬಿಸಿದೆ. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆಗಳನ್ನು ಮಾಡುತ್ತಾರೆ. ನೂರು ಗ್ರಾಂ ತೂಗುವ ಬೊಂಬೆಯಲ್ಲಿ 47 ಗ್ರಾಂ ಇಂಗಾಲವಿದೆ. ಮನೆಯ ಗೂಡಿನಲ್ಲಿ ಆ ಬೊಂಬೆ ಮೂರು ತಲೆಮಾರು ಕುಳಿತರೆ ಆ ಇಂಗಾಲವೂ ಅಷ್ಟು ಕಾಲ ಅಲ್ಲಿಯೇ ಕುಳಿತಿರುತ್ತದೆ. ಕಡೆಯುವಾಗ ಬಿದ್ದ ಹೊಟ್ಟು ಒಲೆಗೆ ಹೋದರೆ ಅದೇ ದಿನ ಗಾಳಿಗೆ ಮರಳುತ್ತದೆ. ರಾಮನಗರದ ರೇಷ್ಮೆಯಲ್ಲಿಯೂ ಇಂಥದೇ ಸಂಚಾರ. ಹಿಪ್ಪುನೇರಳೆಯ ಎಲೆ ಹುಳುವಿನ ಹೊಟ್ಟೆ ಸೇರುತ್ತದೆ. ಎಲೆಯ ಇಂಗಾಲದಲ್ಲಿ ಒಂದು ಪಾಲು ಹುಳುವಿನ ಉಸಿರಾಗಿ, ಒಂದು ಪಾಲು ಹಿಕ್ಕೆಯಾಗಿ ತಿಪ್ಪೆಗೆ, ಸಣ್ಣದೊಂದು ಪಾಲು ನೂಲಾಗಿ ಸೀರೆಗೆ ಸೇರುತ್ತದೆ. ಗೂಡು ಬೇಯಿಸುವ ನೀರನ್ನು ಕಾಯಿಸಲು ಉರಿಸಿದ ಸೌದೆಯ ಲೆಕ್ಕವನ್ನೂ ಸೇರಿಸಿದರೆ ಮಾತ್ರ ಆ ಸೀರೆಯ ಪೂರ್ತಿ ವೃತ್ತಾಂತ ಹೇಳಿದಂತಾಗುತ್ತದೆ.

ಬಂಡೆಯೂ ಒಂದು ಪಾಲುದಾರ

1975ರಲ್ಲಿ ತೆರೆಕಂಡ ಶೋಲೆ ಚಲನಚಿತ್ರದಿಂದ ದೇಶಕ್ಕೆಲ್ಲ ಪರಿಚಿತವಾದ ರಾಮನಗರದ ಬೆಟ್ಟಗಳಿಗೆ ಭೂವಿಜ್ಞಾನದಲ್ಲಿ ಅದಕ್ಕಿಂತ ಹಳೆಯ ಕೀರ್ತಿಯುಂಟು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಕ್ಲೋಸ್‌ಪೇಟೆ ಎಂಬ ಹೆಸರಿನಿಂದಲೇ ಇಲ್ಲಿನ ಶಿಲೆಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರು ಬಂದಿದೆ. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರು ಹಬ್ಬಿರುವ ಈ ಶಿಲಾಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ಇಂಗಾಲದ ಕಥೆಗೂ ಈ ಬಂಡೆಗೂ ಏನು ಸಂಬಂಧ ಎಂದು ಕೇಳಬಹುದು. ಮಳೆಯ ಹನಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಅತಿ ಸೌಮ್ಯವಾದ ಆಮ್ಲವಾಗುತ್ತದೆ. ಆ ಆಮ್ಲ ಗ್ರಾನೈಟಿನ ಫೆಲ್ಡ್‌ಸ್ಪಾರ್ ಹರಳುಗಳನ್ನು ಕೊರೆದು ಜೇಡಿಮಣ್ಣಾಗಿಸುತ್ತದೆ. ಆಗ ಗಾಳಿಯ ಇಂಗಾಲವು ಬೈಕಾರ್ಬೊನೇಟ್ ರೂಪದಲ್ಲಿ ನೀರಿನೊಳಗೆ ಸೇರಿ, ಹಳ್ಳದಿಂದ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ, ಕಾವೇರಿಯಿಂದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕೊಳವೆಬಾವಿಯ ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಕರಟಿನಲ್ಲಿಯೂ ಇಂಥ ಬೈಕಾರ್ಬೊನೇಟಿನ ಇಂಗಾಲವೇ ಇರುತ್ತದೆ. ಬೆಟ್ಟ ಸವೆಯುವ ಈ ವ್ಯಾಪಾರ ಲಕ್ಷಾಂತರ ವರ್ಷಗಳ ಮಾನದಲ್ಲಿ ಭೂಮಿಯ ತಾಪವನ್ನು ಹದದಲ್ಲಿ ಇಟ್ಟಿದೆ. ಮನುಷ್ಯನು ಒಂದೆರಡು ಶತಮಾನಗಳಲ್ಲಿ ಉರಿಸಿದ ಕಲ್ಲಿದ್ದಲಿನ ಹೊಗೆಯನ್ನು ಸರಿದೂಗಿಸುವ ವೇಗ ಅದಕ್ಕಿಲ್ಲ.

ಕೆರೆಯ ಗೋಡು, ಕೆರೆಯ ಗುಳ್ಳೆ

ಕಾಡಿನಿಂದ ಕೊಚ್ಚಿಬಂದ ಮಣ್ಣು, ಹೊಲದ ಗೊಬ್ಬರ, ಕೊಳೆತ ಎಲೆ ಎಲ್ಲವೂ ಕೆರೆಯಲ್ಲಿ ಬಂದು ನಿಲ್ಲುತ್ತವೆ. ನದಿ ಕೆರೆಗಳೆಂದರೆ ಭೂಮಿಯಿಂದ ಸಮುದ್ರಕ್ಕೆ ಇಂಗಾಲವನ್ನು ಸಾಗಿಸುವ ಬರಿಯ ಕೊಳವೆಗಳೆಂದು ವಿಜ್ಞಾನಿಗಳು ಬಹಳ ಕಾಲ ತಿಳಿದಿದ್ದರು. 2007ರಲ್ಲಿ ಜೊನಾಥನ್ ಕೋಲ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕ ಈ ನಂಬಿಕೆಯನ್ನು ಅಲುಗಿಸಿತು. ವರ್ಷಕ್ಕೆ ಸುಮಾರು 1.9 ಶತಕೋಟಿ ಟನ್ ಇಂಗಾಲ ನೆಲದಿಂದ ಒಳನಾಡಿನ ನೀರಿಗೆ ಸೇರಿದರೆ, ಸಮುದ್ರ ತಲುಪುವುದು 0.9 ಶತಕೋಟಿ ಟನ್ ಮಾತ್ರ. 0.8 ಶತಕೋಟಿ ಟನ್ ದಾರಿಯಲ್ಲಿಯೇ ಗಾಳಿಗೆ ಏರುತ್ತದೆ, 0.2 ಶತಕೋಟಿ ಟನ್ ಕೆರೆ, ಸರೋವರ, ಜಲಾಶಯಗಳ ತಳದ ಕೆಸರಿನಲ್ಲಿ ಹೂತುಹೋಗುತ್ತದೆ. ಮುಂದಿನ ಸಂಶೋಧನೆಗಳು ಗಾಳಿಗೆ ಏರುವ ಪಾಲನ್ನು ಇನ್ನೂ ಹೆಚ್ಚಿಸಿವೆ. ಸಣ್ಣ ಕೆರೆಕಟ್ಟೆಗಳು ವಿಸ್ತಾರದಲ್ಲಿ ಅಲ್ಪವಾದರೂ ಒಂದೊಂದು ಚದರ ಮೀಟರಿನಲ್ಲಿ ಅವು ಹೂಳುವ ಇಂಗಾಲವು ಸಮುದ್ರತಳಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನದು.

ಈ ಸೀಮೆಯ ರೈತನು ಈ ಸಂಗತಿಯನ್ನು ಬೇರೆ ಮಾತಿನಲ್ಲಿ ಬಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಗೋಡನ್ನು ಗಾಡಿಗಳಲ್ಲಿ ಹೊಡೆದು ರಾಗಿಹೊಲಕ್ಕೆ ಹರಡುವ ಪದ್ಧತಿ ಹಿಂದೆ ಊರೂರಿನಲ್ಲಿಯೂ ಇತ್ತು. ಗೋಡಿನಲ್ಲಿ ಇರುವುದು ಆ ಹೊಲದಿಂದಲೇ ಹೋದ ಜೇಡಿ ಮತ್ತು ಇಂಗಾಲ. ಕೆರೆ ಅದನ್ನು ಹಿಡಿದಿಡುತ್ತಿತ್ತು, ರೈತ ಮರಳಿ ತರುತ್ತಿದ್ದ, ಕೆರೆಯ ಆಳವೂ ಉಳಿಯುತ್ತಿತ್ತು. ಇಷ್ಟು ಅಚ್ಚುಕಟ್ಟಾದ ಚಕ್ರವನ್ನು ಯಾವ ತಜ್ಞರ ಸಮಿತಿಯೂ ರೂಪಿಸಿರಲಿಲ್ಲ. ರಸಗೊಬ್ಬರದ ಮೂಟೆ ಬಂದ ಮೇಲೆ ಗಾಡಿಗಳು ನಿಂತವು. ಹೂಳು ಕೆರೆಯಲ್ಲಿಯೇ ಉಳಿಯಿತು. ಇತ್ತೀಚಿನ ವರ್ಷಗಳಲ್ಲಿ ಯಂತ್ರಗಳಿಂದ ಹೂಳೆತ್ತುವ ಕೆಲಸ ನಡೆದಿರುವುದು ಸ್ವಾಗತಾರ್ಹವೇ. ಆದರೆ ಎತ್ತಿದ ಗೋಡು ಹೊಲಕ್ಕೆ ಹೋಗದೆ ಏರಿಯ ಬದಿಯಲ್ಲಿ ರಾಶಿ ಬಿದ್ದರೆ ಮುಂದಿನ ಮಳೆಗೆ ಅದು ಕೆರೆಗೇ ಇಳಿಯುತ್ತದೆ.

ಕೆರೆಯ ಇನ್ನೊಂದು ಮುಖವನ್ನು ತಿಳಿಯಲು ಗೋಬರ್ ಗ್ಯಾಸ್ ತೊಟ್ಟಿಯನ್ನು ನೆನೆದರೆ ಸಾಕು. ಸಗಣಿಯನ್ನು ಗಾಳಿಯಾಡದಂತೆ ಮುಚ್ಚಿಟ್ಟಾಗ ಆಮ್ಲಜನಕ ಬೇಡದ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಮೀಥೇನ್ ಅನಿಲವನ್ನು ಹೊರಡಿಸುತ್ತವೆ. ಕೆರೆಯ ತಳದ ಕೆಸರೂ ಅಂಥ ಒಂದು ತೊಟ್ಟಿಯೇ. ಮುಚ್ಚಳ ಮಾತ್ರ ನೀರಿನದು. 1776ರಲ್ಲಿ ಅಲೆಸಾಂಡ್ರೊ ವೋಲ್ಟಾ ಇಟಲಿಯ ಮಾಜೋರೆ ಸರೋವರದ ಜೊಂಡಿನ ನಡುವೆ ಕೋಲಿನಿಂದ ಕೆಸರನ್ನು ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು ಉರಿಸಿ ನೋಡಿದ್ದು ಈ ಅನಿಲವನ್ನೇ. ಮೀಥೇನ್ ವಾಯುಮಂಡಲದಲ್ಲಿ ಸುಮಾರು ಹತ್ತು ವರ್ಷ ಮಾತ್ರ ಉಳಿಯುತ್ತದೆಯಾದರೂ ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿಯುತ್ತದೆ.

ಇದರ ಪರಿಣಾಮ ಎಷ್ಟೆಂಬುದನ್ನು ಅಂಕಿಗಳಲ್ಲಿ ನೋಡಬಹುದು. ನೂರು ಕಿಲೋಗ್ರಾಂ ಇಂಗಾಲವಿರುವ ಸಸ್ಯರಾಶಿ ಬಯಲಿನಲ್ಲಿ ಕೊಳೆತರೆ 367 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಾಗುತ್ತದೆ. ಗಾಳಿಯಿಲ್ಲದ ಕೆಸರಿನಲ್ಲಿ ಕೊಳೆತು ಅದರ ಅರ್ಧ ಮೀಥೇನಾಗಿ, ಅರ್ಧ ಇಂಗಾಲದ ಡೈಆಕ್ಸೈಡಾಗಿ ಹೊರಬಂದರೆ, 67 ಕಿಲೋಗ್ರಾಂ ಮೀಥೇನಿನ ಪರಿಣಾಮವೇ 1,870 ಕಿಲೋಗ್ರಾಮಿಗೆ ಸಮನಾಗುತ್ತದೆ. ಉಳಿದರ್ಧದ 183 ಸೇರಿದರೆ 2,050ರಷ್ಟಾಯಿತು. ಸಸ್ಯವು ಹೀರಿದ್ದಕ್ಕಿಂತ ಐದು ಪಟ್ಟಿಗೂ ಹೆಚ್ಚು. ಅದೃಷ್ಟವಶಾತ್ ಹುಟ್ಟಿದ ಮೀಥೇನೆಲ್ಲ ಹೊರಬರುವುದಿಲ್ಲ. ಮೇಲಿನ ನೀರಿನಲ್ಲಿ ಆಮ್ಲಜನಕವಿದ್ದರೆ ಅಲ್ಲಿ ವಾಸಿಸುವ ಬೇರೊಂದು ಬಗೆಯ ಬ್ಯಾಕ್ಟೀರಿಯ ಅದರ ಬಹುಭಾಗವನ್ನು ತಿಂದುಬಿಡುತ್ತದೆ. ಕೆರೆಯ ಆರೋಗ್ಯವೆಲ್ಲ ಈ ಆಮ್ಲಜನಕದ ಮೇಲೆ ನಿಂತಿದೆ.

ಬಿಡದಿಗೆ ಸಮೀಪದ ಬೈರಮಂಗಲ ಕೆರೆಯನ್ನು ಈ ಬೆಳಕಿನಲ್ಲಿ ನೋಡಬೇಕು. ವೃಷಭಾವತಿ ನದಿ ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಈ ಕೆರೆಗೆ ಬರುತ್ತದೆ. ಕೋಡಿಯಲ್ಲಿ ನೊರೆ, ದಂಡೆಯಲ್ಲಿ ದುರ್ನಾತ, ನೀರಿನ ಮೇಲೆ ಕಳೆಗಿಡಗಳ ಹಸಿರು ಹೊದಿಕೆ. ಕೊಳಚೆಯ ಸಾವಯವ ವಸ್ತು ಕೊಳೆಯುವಾಗ ನೀರಿನಲ್ಲಿದ್ದ ಆಮ್ಲಜನಕ ಮುಗಿಯುತ್ತದೆ. ಕಳೆಯ ಹೊದಿಕೆ ಬೆಳಕನ್ನೂ ತಡೆಯುತ್ತದೆ. ಮೀಥೇನನ್ನು ತಿನ್ನಬೇಕಾದ ಬ್ಯಾಕ್ಟೀರಿಯಕ್ಕೆ ಉಸಿರಿಲ್ಲದಂತಾಗುತ್ತದೆ. ಹಸಿರು ಹೊದಿಕೆಯನ್ನು ದೂರದಿಂದ ನೋಡಿ, ಗಿಡಗಳು ಇಂಗಾಲವನ್ನು ಹೀರುತ್ತಿವೆಯಲ್ಲ ಎಂದು ಯಾರಾದರೂ ಸಮಾಧಾನ ಪಟ್ಟರೆ ಅದು ಭ್ರಮೆ. ಬೆಂಗಳೂರಿನ ಮನೆಗಳಲ್ಲಿ ಉಂಡ ಅನ್ನದ ಇಂಗಾಲ ರಾಮನಗರದ ಹಳ್ಳಿಯ ಕೆರೆಯಲ್ಲಿ ಮೀಥೇನಾಗುತ್ತಿದೆ. ಕೆರೆಯ ಕೆಳಗಿನ ಅಚ್ಚುಕಟ್ಟಿನ ರೈತರಿಗೆ ಅದೇ ನೀರಿನಲ್ಲಿ ಬೆಳೆ ತೆಗೆಯಬೇಕಾದ ದುರ್ದೆಸೆ. ನಗರದಲ್ಲಿಯೇ ಕೊಳಚೆಯನ್ನು ಪೂರ್ಣವಾಗಿ ಶುದ್ಧೀಕರಿಸುವವರೆಗೆ ಕೆರೆಯ ದಂಡೆಯಲ್ಲಿ ಎಷ್ಟು ಸಸಿ ನೆಟ್ಟರೂ ಈ ಲೆಕ್ಕ ಸರಿಹೋಗದು.

ಇಲ್ಲಿ ಒಂದು ಹೆಸರಿನ ಗೊಂದಲವನ್ನೂ ನಿವಾರಿಸಬೇಕು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ ಮಾಗಡಿ ಕೆರೆ ಗದಗ ಜಿಲ್ಲೆಯದು, ಕೆಂಪೇಗೌಡರ ಮಾಗಡಿಯದಲ್ಲ. ಆದರೂ ಜೊಂಡು ಬೆಳೆದ ಹಿನ್ನೀರಿನ ಅಂಚುಗಳು, 1946ರಲ್ಲಿ ಕಟ್ಟಿದ ಚನ್ನಪಟ್ಟಣದ ಕಣ್ವ ಜಲಾಶಯ, ಮಂಚನಬೆಲೆ, ಹಾರೋಬೆಲೆ ಜಲಾಶಯಗಳು, ನೂರಾರು ಊರಕೆರೆಗಳು ಈ ಸೀಮೆಯ ಜೌಗುನೆಲಗಳೇ ಹೌದು. ತಂಪು ದೇಶಗಳಲ್ಲಿರುವಂಥ ಸಾವಿರಾರು ವರ್ಷಗಳ ಆಳವಾದ ಪೀಟ್ ನೆಲ ಇಲ್ಲಿಲ್ಲ. ಇಲ್ಲಿನ ಕೆರೆ ಪ್ರತಿವರ್ಷ ತುಂಬಬಹುದು, ಒಣಗಬಹುದು. ಒಣಗಿ ಬಿರುಕುಬಿಟ್ಟ ಅಂಗಳದಲ್ಲಿ ಗಾಳಿ ಒಳನುಗ್ಗಿ, ಹೂತಿದ್ದ ಇಂಗಾಲದ ಒಂದು ಭಾಗವನ್ನು ಮತ್ತೆ ಹೊರಗೆಳೆಯುತ್ತದೆ. ಮೀಥೇನ್ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡು ಹೆಚ್ಚುತ್ತದೆ. ನೀರು ಎಷ್ಟು ತಿಂಗಳು ನಿಂತಿತ್ತು ಎಂಬುದನ್ನು ತಿಳಿಯದೆ ಇಲ್ಲಿನ ಯಾವ ಕೆರೆಯ ಲೆಕ್ಕವನ್ನೂ ಬರೆಯಲಾಗದು.

ನೀರನ್ನು ಮರೆತ ಲೆಕ್ಕ

ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಗೆ 1933ರಲ್ಲಿ ಕಟ್ಟಿದ ಚಾಮರಾಜಸಾಗರ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಮುಂದೆ ಅದಕ್ಕೆ ಬರುವ ನೀರು ಕ್ರಮೇಣ ಇಳಿಯಿತು. ಬಂದ ಸ್ವಲ್ಪ ನೀರೂ ಮಲಿನವಾಯಿತು. ಜಲಾನಯನವನ್ನು ಕಾಪಾಡಲು ರಾಜ್ಯ ಸರ್ಕಾರವು 2003ರ ನವೆಂಬರಿನಲ್ಲಿ ಅಧಿಸೂಚನೆಯನ್ನು ಹೊರಡಿಸಿತು. ನದಿ ಬತ್ತಿದ್ದು ಏಕೆ? ಮಳೆ ಕಡಿಮೆಯಾಯಿತೆಂಬುದು ಎಲ್ಲರ ಬಾಯಲ್ಲಿದ್ದ ಉತ್ತರ. ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ಒಂದೊಂದು ಕಾರಣವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯೇ ಉತ್ತರವನ್ನು ಕೊಟ್ಟಿತು. ಮಳೆಯಲ್ಲಾಗಲಿ ತಾಪದಲ್ಲಾಗಲಿ ಆದ ಬದಲಾವಣೆ ಈ ಕುಸಿತವನ್ನು ವಿವರಿಸಲಾರದು. ಕೊಳವೆಬಾವಿಗಳಿಂದ ಅಂತರ್ಜಲವನ್ನು ಎತ್ತಿದ್ದು, ನೀಲಗಿರಿ ತೋಪುಗಳು ಹಬ್ಬಿದ್ದು ಮುಖ್ಯ ಕಾರಣಗಳಾಗಿ ತೋರುತ್ತವೆ.

ನೀಲಗಿರಿಯ ವಿಷಯ ಇಂಗಾಲದ ವಿದ್ಯಾರ್ಥಿಗೆ ಒಳ್ಳೆಯ ಪಾಠ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬೆಂಗಳೂರು, ಕೋಲಾರ ಸೀಮೆಯ ಎಷ್ಟೋ ರಾಗಿಹೊಲಗಳು ನೀಲಗಿರಿ ತೋಪುಗಳಾದವು. ಇಂಗಾಲವನ್ನು ಮಾತ್ರ ಎಣಿಸುವವನಿಗೆ ನೀಲಗಿರಿಯಷ್ಟು ಚುರುಕಾದ ಮರ ಮತ್ತೊಂದಿಲ್ಲ. ಆದರೆ ಅದು ಆಳದ ನೀರನ್ನು ಹೀರುತ್ತದೆ. ಐದಾರು ವರ್ಷಕ್ಕೊಮ್ಮೆ ಕಡಿದ ಮರ ಕಾಗದದ ತಿರುಳಾಗಿಯೋ ಸೌದೆಯಾಗಿಯೋ ಹೋದರೆ, ಹಿಡಿದ ಇಂಗಾಲ ಬಹುಬೇಗ ಗಾಳಿಗೆ ಮರಳುತ್ತದೆ. ಅತ್ತ ಕೆಳಗಿನ ಕೆರೆಗೆ ನೀರು ಬಾರದೆ ಅಂಗಳ ಬಿರಿದು, ಅಲ್ಲಿ ಹೂತಿದ್ದ ಇಂಗಾಲವೂ ಹೊರಡುತ್ತದೆ. ಒಂದು ಪುಟದಲ್ಲಿ ಜಮಾ ಬರೆದು ಇನ್ನೊಂದು ಪುಟದ ಖರ್ಚನ್ನು ಮುಚ್ಚಿಟ್ಟ ಶಾನುಭೋಗರ ಲೆಕ್ಕದಂತೆ ಇದು. 2017ರಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಆ ವೇಳೆಗೆ ಬಹಳ ಕೆರೆಗಳ ತೂಬುಗಳು ತುಕ್ಕು ಹಿಡಿದಿದ್ದವು.

ಕನಕಪುರ ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ಇನ್ನೂ ದೊಡ್ಡದೊಂದು ಲೆಕ್ಕ ಕಾದಿದೆ. ಮೇಕೆದಾಟಿನಲ್ಲಿ 67 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯವನ್ನು ಕಟ್ಟುವ ಯೋಜನೆಯ ವಿಸ್ತೃತ ವರದಿಯನ್ನು ಕರ್ನಾಟಕವು 2019ರಲ್ಲಿ ಕೇಂದ್ರ ಜಲ ಆಯೋಗಕ್ಕೆ ಸಲ್ಲಿಸಿತು. ಬೆಂಗಳೂರಿನ ಕುಡಿಯುವ ನೀರು, 400 ಮೆಗಾವಾಟ್ ವಿದ್ಯುತ್ತು ಅದರ ಉದ್ದೇಶಗಳು. ಮುಳುಗಡೆಯಾಗುವ ಸುಮಾರು 5 ಸಾವಿರ ಹೆಕ್ಟೇರಿನಲ್ಲಿ ಬಹುಪಾಲು ಕಾವೇರಿ ವನ್ಯಧಾಮದ ಮತ್ತು ಮೀಸಲು ಅರಣ್ಯದ ನೆಲ. ನೀರಿನ ಹಕ್ಕಿನ ಬಗ್ಗೆ ಎರಡು ರಾಜ್ಯಗಳ ನಡುವೆ ನಡೆದಿರುವ ವಾದ ಬೇರೆ, ಅದಕ್ಕೆ ನ್ಯಾಯಾಲಯಗಳುಂಟು. ಇಂಗಾಲದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆಗಳು ಇವು: ಮುಳುಗುವ ಮರಗಳಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲವೆಷ್ಟು? ಬೆಚ್ಚನೆಯ ನಾಡಿನ ಜಲಾಶಯದ ತಳದಲ್ಲಿ ಅದರ ಎಷ್ಟು ಪಾಲು ಮೀಥೇನಾದೀತು? ನೀರಿನ ಮಟ್ಟ ಏರಿ ಇಳಿಯುವ ಅಂಚಿನಲ್ಲಿ ವರ್ಷವರ್ಷವೂ ಹುಲ್ಲು ಬೆಳೆದು, ಮುಳುಗಿ, ಕೊಳೆಯುವುದನ್ನು ಯಾವ ಬಾಬಿಗೆ ಹಾಕಬೇಕು? ಜಲವಿದ್ಯುತ್ತಿನಿಂದ ಉಳಿಯುವ ಕಲ್ಲಿದ್ದಲನ್ನೂ ಜಮಾ ಬದಿಗೆ ಬರೆಯುವುದು ನ್ಯಾಯವೇ. ಎರಡು ಬದಿಗಳನ್ನೂ ಬರೆಯದೆ, ಮುಳುಗಿದ ಕಾಡಿಗೆ ಬದಲಾಗಿ ಬೇರೆಡೆ ಸಸಿ ನೆಡುತ್ತೇವೆಂದು ಹೇಳಿ ಮುಗಿಸುವುದು ಲೆಕ್ಕವಾಗದು. ನೂರು ವರ್ಷದ ಹೊಳೆಮತ್ತಿಯನ್ನೂ ಅದರ ಬುಡದ ಮಣ್ಣನ್ನೂ ಪಾಲಿಥೀನ್ ಚೀಲದ ಸಸಿಯೊಂದಿಗೆ ಸಮ ಮಾಡಿದಂತಾಗುತ್ತದೆ.

ಅಳತೆಯ ಅಭ್ಯಾಸ

ಇಂಥ ಲೆಕ್ಕಗಳಿಗೆಲ್ಲ ಆಧಾರ ತಾಳ್ಮೆಯ ಅಳತೆ. ಬಂಡೀಪುರದ ನೆರೆಯ ಮುದುಮಲೆಯ ಕಾಡಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು 1988ರಲ್ಲಿ 50 ಹೆಕ್ಟೇರು ನೆಲವನ್ನು ಗುರುತಿಸಿ, ಒಂದು ಸೆಂಟಿಮೀಟರ್ ದಪ್ಪಕ್ಕಿಂತ ಮೇಲಿನ ಪ್ರತಿಯೊಂದು ಗಿಡಕ್ಕೂ ಸಂಖ್ಯೆ ಕೊಟ್ಟು, ಯಾವುದು ಬೆಳೆಯಿತು, ಯಾವುದು ಸತ್ತಿತು, ಯಾವುದನ್ನು ಆನೆ ಮುರಿಯಿತು, ಯಾವುದನ್ನು ಬೆಂಕಿ ಸುಟ್ಟಿತು ಎಂದು ದಾಖಲಿಸುತ್ತ ಬಂದಿದ್ದಾರೆ. ಒಣಕಾಡಿನ ಇಂಗಾಲದ ಬಗ್ಗೆ ದಕ್ಷಿಣ ಭಾರತದಲ್ಲಿ ತಿಳಿದಿರುವ ಬಹಳಷ್ಟು ಸಂಗತಿಗಳು ಇಂಥ ದಾಖಲೆಯಿಂದ ಬಂದವು.

ಶಾಲೆಯ ಆವರಣದ ಹತ್ತು ಮರಗಳಿಂದಲೂ ಈ ಕೆಲಸವನ್ನು ಆರಂಭಿಸಬಹುದು. ಬೇಕಾದದ್ದು ದರ್ಜಿಯ ಟೇಪು, ಸುಣ್ಣ, ಒಂದು ಪುಸ್ತಕ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನು ತೆಗೆದು, ಆ ಜಾಗಕ್ಕೆ ಸುಣ್ಣದ ಗೆರೆ ಹಾಕಿ, ಮರದ ಹೆಸರನ್ನೂ ದಿನಾಂಕವನ್ನೂ ಬರೆದಿಡಬೇಕು. ಇಳಿಜಾರಿನಲ್ಲಿ ನಿಂತ ಮರವನ್ನು ಮೇಲ್ಬದಿಯ ನೆಲದಿಂದ ಅಳೆಯಬೇಕು. ಆಲದ ಬಿಳಲುಗಳು ನೆಲಕ್ಕೆ ಇಳಿದು ಕಾಂಡಗಳಾಗಿದ್ದರೆ ಅವನ್ನು ಬೇರೆಬೇರೆಯಾಗಿ ಅಳೆಯಬೇಕು. ಪ್ರತಿವರ್ಷವೂ ಅಳತೆ ಅದೇ ತಿಂಗಳಿನಲ್ಲಿ, ಬೇಸಿಗೆಯಲ್ಲಿಯೇ ನಡೆಯಬೇಕು. ಮಳೆಗಾಲದಲ್ಲಿ ತೊಗಟೆ ನೀರು ಕುಡಿದು ಉಬ್ಬಿರುವುದರಿಂದ ಮರ ಬೆಳೆಯದಿದ್ದರೂ ಟೇಪು ಬೆಳವಣಿಗೆಯನ್ನು ತೋರಿಸುತ್ತದೆ.